ಹಿಂದಿನ ಸಾಲಿನ ಮೊಣಕೈ

ಎಂಟು ಜನರ ಹಿಪ್ ಹಾಪ್ ತಂಡ ವೇದಿಕೆ ಹತ್ತಿದಾಗ ಪ್ರೇಕ್ಷಕರು ನಡುವೆ ನಿಂತವರನ್ನು ನೋಡುತ್ತಾರೆ. ಪಳಗಿದ ತೀರ್ಪುಗಾರರ ಕಣ್ಣು ಹಿಂದಿನ ಸಾಲಿನ ಮೂಲೆಗೆ ಹೋಗುತ್ತದೆ. ಚೆನ್ನಾಗಿ ಕುಣಿಯುವವರನ್ನೇ ನಡುವೆ ನಿಲ್ಲಿಸಿರುತ್ತಾರೆ, ಅವರಿಂದ ತಂಡದ ಮಟ್ಟ ತಿಳಿಯುವುದಿಲ್ಲ. ಏಳು ಜನರ ಕೈ ಭುಜದ ನೇರಕ್ಕೆ ನಿಂತು, ಮೂಲೆಯಲ್ಲಿದ್ದವರ ಮೊಣಕೈ ಮಾತ್ರ ನಾಲ್ಕು ಬೆರಳು ಕೆಳಗಿದ್ದರೆ ಅಂಕ ಅಲ್ಲಿ ಸೋರುತ್ತದೆ. ತಂಡಸ್ಪರ್ಧೆಯ ಒತ್ತಡವೆಲ್ಲ ಕೊನೆಗೆ ಬಂದು ಕೂರುವುದು ಆ ಮೊಣಕೈ ಮೇಲೆ. ಈ ಕಲೆ ಕೊಡುವ ಸುಖವೂ ಹುಟ್ಟುವುದು ಅಲ್ಲೇ ಎಂದು ತರಬೇತಿ ಕೊಡುವ ನಾವು ನಂಬುತ್ತೇವೆ.

ಒಬ್ಬರಿಗೊಬ್ಬರು ಎದುರಾಗುವ ಬ್ಯಾಟಲ್‌ನಲ್ಲಿ ತಪ್ಪಿದ ಹೆಜ್ಜೆಯನ್ನೇ ಹೊಸ ಹೆಜ್ಜೆಯಾಗಿ ತಿರುಗಿಸಬಹುದು. ತಂಡದಲ್ಲಿ ಆ ಅವಕಾಶ ಇಲ್ಲ, ಅಳತೆಗೋಲು ಪಕ್ಕದಲ್ಲೇ ಕುಣಿಯುತ್ತಿರುತ್ತದೆ.

ಮೊದಲು ಲೆಕ್ಕ ನೋಡಿ. ನಿಮಿಷಕ್ಕೆ 100 ಬೀಟ್ ಇರುವ ಹಾಡಿನಲ್ಲಿ ಎರಡು ನಿಮಿಷಕ್ಕೆ 200 ಬೀಟ್, ಅಂದರೆ 25 ಎಂಟುಗಳು (ಎಂಟು ಬೀಟ್‌ಗಳ ಒಂದು ಗುಂಪನ್ನು ನಾವು ‘ಎಂಟು’ ಎನ್ನುತ್ತೇವೆ). ಒಂದೊಂದು ಎಂಟಕ್ಕೆ 4.8 ಸೆಕೆಂಡು. ಎಂಟು ಜನರಿರುವ ತಂಡದಲ್ಲಿ ಒಂದು ಎಂಟನ್ನು ಸರಿಯಾಗಿ ಕ್ಲೀನ್ ಮಾಡಲು, ಅಂದರೆ ಎಲ್ಲರ ಚಲನೆ ಒಂದೇ ಆಗುವಂತೆ ತಿದ್ದಲು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ದಿನಕ್ಕೊಂದು ಎಂಟು ಅಂದುಕೊಂಡರೂ ವಾರದ ರಜೆ ಸೇರಿ ಸುಮಾರು ನಾಲ್ಕು ವಾರ ಕ್ಲೀನಿಂಗಿಗೇ ಬೇಕು. ಸ್ಪರ್ಧೆಗೆ ಹತ್ತು ದಿನ ಇರುವಾಗಲೂ ಹೊಸ ಸ್ಟೆಪ್ ಸೇರಿಸುವ ತಂಡಗಳು ಏಕೆ ಸೋಲುತ್ತವೆ ಎಂದು ಈ ಲೆಕ್ಕವೇ ಹೇಳುತ್ತದೆ. ನೃತ್ಯ ಸಂಯೋಜನೆ ಒಂದು ತಿಂಗಳ ಮೊದಲೇ ಮುಗಿದಿರಬೇಕು. ಆಮೇಲೆ ಎಂಥ ಒಳ್ಳೆಯ ಐಡಿಯಾ ಬಂದರೂ ಮುಂದಿನ ವರ್ಷಕ್ಕೆ ಬರೆದಿಟ್ಟುಕೊಳ್ಳಿ.

2002ರಲ್ಲಿ ಶುರುವಾದ, ಅಮೆರಿಕದ ಹಿಪ್ ಹಾಪ್ ಇಂಟರ್‌ನ್ಯಾಷನಲ್ ಸಂಸ್ಥೆಯ ವಿಶ್ವ ಸ್ಪರ್ಧೆ ನಮ್ಮ ಮಕ್ಕಳು ಹೆಚ್ಚು ಗುರಿಯಿಡುವ ಕೂಟ. ಅಲ್ಲಿ 7ರಿಂದ 12 ವರ್ಷದವರಿಗೆ ಜೂನಿಯರ್, 13ರಿಂದ 17ರವರೆಗೆ ವರ್ಸಿಟಿ, 18 ದಾಟಿದವರಿಗೆ ಅಡಲ್ಟ್ ವಿಭಾಗ, ತಂಡದಲ್ಲಿ 5ರಿಂದ 9 ಜನ. ಕೆಲವು ತೀರ್ಪುಗಾರರು ಪ್ರದರ್ಶನಕ್ಕೆ ಅಂಕ ಕೊಟ್ಟರೆ ಇನ್ನು ಕೆಲವರು ಕೌಶಲಕ್ಕೆ ಕೊಡುತ್ತಾರೆ. ಕಲ್ಪನೆ, ವೇದಿಕೆ ಬಳಕೆ, ಹುರುಪು ಮೊದಲನೆಯದರಲ್ಲಿ ಬರುತ್ತವೆ. ಸಂಗೀತಜ್ಞಾನ, ಏಕಕಾಲಿಕತೆ, ಕಷ್ಟದ ಮಟ್ಟ, ಶೈಲಿಗಳ ವೈವಿಧ್ಯ ಎರಡನೆಯದರಲ್ಲಿ. ಸಮಯ ಮಿತಿಯಂಥ ವಿವರಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ನಿಯಮ ಪುಸ್ತಕವನ್ನು ತಂಡದ ನಾಯಕರು ಪೂರ್ತಿ ಓದಲೇಬೇಕು.

ಶೈಲಿಗಳ ವಿಷಯದಲ್ಲಿ ನಮ್ಮ ಕಡೆಯ ತಂಡಗಳು ಎಡವುವುದು ಹೆಚ್ಚು. ಟಿವಿ ಷೋಗಳಿಗೆ ಒಗ್ಗಿದವರು ಪಲ್ಟಿ, ಎತ್ತಿ ಎಸೆಯುವುದು, ಕಣ್ಣೀರು ತರಿಸುವ ಕಥೆ ಇವುಗಳನ್ನೇ ನೆಚ್ಚಿಕೊಳ್ಳುತ್ತಾರೆ. ಕೌಶಲದ ಅಂಕ ಬರುವುದು ಶೈಲಿಗಳಿಂದ. ಚಲನೆಯನ್ನು ತಟ್ಟನೆ ತಡೆದು ನಿಲ್ಲಿಸುವ ಲಾಕಿಂಗ್ ಹುಟ್ಟಿದ್ದು ಲಾಸ್ ಏಂಜಲೀಸ್‌ನಲ್ಲಿ, ಡಾನ್ ಕ್ಯಾಂಬೆಲ್‌ರಿಂದ. ಪಾಪಿಂಗನ್ನು ಬೆಳೆಸಿದವರು ಫ್ರೆಸ್ನೋ ನಗರದ ಬೂಗಲೂ ಸ್ಯಾಮ್ ಮತ್ತು ಸಂಗಡಿಗರು. ನೆಲದ ಮೇಲೆ ಕೈ ಊರಿ ತಿರುಗುವ ಬ್ರೇಕಿಂಗ್ ನ್ಯೂಯಾರ್ಕಿನ ಬ್ರಾಂಕ್ಸ್‌ನದು. ಒಂದೊಂದಕ್ಕೂ ಮೈ ಆಡಿಸುವ ಅದರದೇ ರೀತಿ ಇದೆ. ಪಾಪಿಂಗ್‌ನಲ್ಲಿ ಸ್ನಾಯು ಬಿಗಿದು ತಟ್ಟನೆ ಸಡಿಲಬೇಕು. ಕೈ ಮಾತ್ರ ಜರ್ಕ್ ಆಗಿ ತೊಡೆ, ಎದೆ ಸುಮ್ಮನಿದ್ದರೆ ಅದು ಪಾಪಿಂಗ್ ಅಲ್ಲ ಎಂದು ಬಲ್ಲವರಿಗೆ ಒಂದೇ ಎಂಟಿನಲ್ಲಿ ಗೊತ್ತಾಗುತ್ತದೆ. ಭರತನಾಟ್ಯ ಕಲಿತು ಬಂದ ಮಕ್ಕಳಿಗೆ ಇನ್ನೊಂದು ತೊಡಕಿದೆ. ಅರೆಮಂಡಿಯಿಂದಾಗಿ ಮಂಡಿ ಸೊಗಸಾಗಿ ಬಾಗುತ್ತದೆ, ಆದರೆ ಬೆನ್ನು ನೆಟ್ಟಗೆ, ತಲೆ ಒಂದೇ ಎತ್ತರದಲ್ಲಿ ಉಳಿಯುತ್ತದೆ. ಹಿಪ್ ಹಾಪ್‌ನ ಬೌನ್ಸ್‌ಗೆ ಎದೆ, ಭುಜ, ತಲೆ ಮೂರೂ ಬೀಟ್ ಜೊತೆ ಕೆಳಗಿಳಿಯಬೇಕು. ಡೊಳ್ಳು ಕುಣಿತದ ಹುಡುಗರಿಗೆ ಈ ಭಾರ ಇಳಿಸುವುದು ಬೇಗ ಬರುತ್ತದೆ. ಆರು ವಾರ ಪ್ರತಿದಿನ ಹತ್ತು ನಿಮಿಷ ಬರೀ ಬೌನ್ಸ್ ಮತ್ತು ರಾಕ್ (ಬೀಟಿಗೆ ಮೈ ತೂಗುವುದು) ಮಾಡಿಸಿದರೆ ಉಳಿದವರಲ್ಲೂ ಇಳಿಯುತ್ತದೆ.

ಕ್ಲೀನಿಂಗ್ ಮಾಡುವ ಕ್ರಮ ಹೀಗೆ. ಫೋನನ್ನು ತೀರ್ಪುಗಾರರು ಕೂರುವ ಎತ್ತರಕ್ಕೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಒಂದು ಎಂಟನ್ನು ಅರ್ಧ ವೇಗದಲ್ಲಿ, ಆಮೇಲೆ ಪೂರ್ಣ ವೇಗದಲ್ಲಿ ಚಿತ್ರಿಸಿ. ಒಂದು, ಮೂರು, ಐದು, ಏಳನೇ ಕೌಂಟ್‌ನಲ್ಲಿ ವಿಡಿಯೊ ತಡೆದು ಮೊದಲು ಪಾದ, ಆಮೇಲೆ ಸೊಂಟ, ಆಮೇಲೆ ಮೊಣಕೈ, ಕೊನೆಗೆ ಕಣ್ಣಿನ ದಿಕ್ಕು ನೋಡಿ. ಪಾದ ತಪ್ಪಾಗಿದ್ದರೆ ಕೈ ತಿದ್ದಿ ಉಪಯೋಗವಿಲ್ಲ, ಭಾರ ಎಡಗಾಲಿನಲ್ಲಿದ್ದವರ ಭುಜ ಬಲಗಾಲಿನವರ ಭುಜದ ಎತ್ತರಕ್ಕೆ ಬರುವುದೇ ಇಲ್ಲ. ಸೆಕೆಂಡಿಗೆ 30 ಫ್ರೇಮ್ ಇರುವ ವಿಡಿಯೊದಲ್ಲಿ ಒಬ್ಬರು ಮೂರು ಫ್ರೇಮ್ ಹಿಂದಿದ್ದರೆ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ, ಬರಿಗಣ್ಣಿಗೇ ಕಾಣುತ್ತದೆ. ಹೆಚ್ಚಿನ ತಪ್ಪುಗಳು ಕೌಂಟಿನ ಮೇಲೆ ಇರುವುದಿಲ್ಲ, ಎರಡು ಕೌಂಟುಗಳ ನಡುವಿನ ‘ಆ್ಯಂಡ್’ನಲ್ಲಿ ಇರುತ್ತವೆ. ಅಲ್ಲಿ ಕೈ ಯಾವ ದಾರಿಯಲ್ಲಿ ಹೋಗಬೇಕೆಂದು ಯಾರೂ ಹೇಳಿರುವುದಿಲ್ಲ, ಒಬ್ಬರು ಎದೆಯ ಮುಂದಿನಿಂದ ತಂದರೆ ಇನ್ನೊಬ್ಬರು ಪಕ್ಕದಿಂದ ತರುತ್ತಾರೆ. ಕ್ಲೀನಿಂಗಿನಲ್ಲಿ ಅರ್ಧ ಕೆಲಸ ಈ ದಾರಿಯನ್ನು ಗೊತ್ತುಮಾಡುವುದೇ.

ಕನ್ನಡಿ ಮುಂದಿನ ಅಭ್ಯಾಸಕ್ಕೂ ಮಿತಿ ಇರಲಿ. ಕೊನೆಯ ಎರಡು ವಾರ ಕನ್ನಡಿಗೆ ಬೆನ್ನು ಮಾಡಿ ಕುಣಿಸಬೇಕು. ಕನ್ನಡಿಯಲ್ಲಿ ಪಕ್ಕದವರನ್ನು ನೋಡಿ ಸರಿಮಾಡಿಕೊಳ್ಳುವ ಚಾಳಿ ಬಿದ್ದವರು ವೇದಿಕೆಯ ಮೇಲೆ ಕತ್ತು ತಿರುಗಿಸುತ್ತಾರೆ. ಜಾಗ ತಪ್ಪದಿರಲು ನೆಲದ ಮುಂಭಾಗದಲ್ಲಿ ಟೇಪ್ ಅಂಟಿಸಿ, ನಡುವೆ ಸೊನ್ನೆ, ಎರಡೂ ಕಡೆ ಎರಡೆರಡು ಅಡಿಗೆ ಅಂಕಿ ಬರೆದು ಪ್ರತಿ ಫಾರ್ಮೇಷನ್‌ನಲ್ಲೂ (ತಂಡ ನಿಲ್ಲುವ ವಿನ್ಯಾಸ) ತಮ್ಮ ಅಂಕಿ ಯಾವುದೆಂದು ಬಾಯಿಪಾಠ ಮಾಡಿಸಿ.

ಧ್ವನಿಯ ವಿಷಯ ಹಲವರಿಗೆ ಹೊಳೆಯುವುದೇ ಇಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ದೊಡ್ಡ ಸಭಾಂಗಣದಲ್ಲಿ ಕುಣಿಯುವವರಿಗೆ ಕೇಳಿಸಲು ವೇದಿಕೆಯಲ್ಲಿಟ್ಟ ಮಾನಿಟರ್ ಸ್ಪೀಕರಿನ ಸದ್ದು ಸಣ್ಣಗಿದ್ದು, ಹಿಂದಿನ ಗೋಡೆಗೆ ಬಡಿದು ಬರುವ ಬೀಟ್ ಕೇಳಿ ಕುಣಿದರೆ 34 ಮೀಟರ್ ದಾರಿಗೇ ಆ ಮೂರು ಫ್ರೇಮ್ ತಡ ಆಗಿಹೋಗುತ್ತದೆ. ಮುಂದಿನ ಸಾಲು ಒಂದು ಸದ್ದು, ಹಿಂದಿನ ಸಾಲು ಇನ್ನೊಂದು ಸದ್ದು ಕೇಳುವುದೂ ಉಂಟು. ಇದಕ್ಕೆ ಮದ್ದು ಒಳಗಿನ ಲಯ: ಹಾಡು ಹಾಕಿ, ನಾಲ್ಕು ಎಂಟುಗಳ ಉದ್ದಕ್ಕೂ ವಾಲ್ಯೂಮ್ ಸೊನ್ನೆಗಿಳಿಸಿ, ಐದನೆಯದಕ್ಕೆ ಮತ್ತೆ ಏರಿಸಿ. ಎಂಟೂ ಜನ ಬೀಟಿನ ಮೇಲೆ ಸಿಗಬೇಕು. ಮೊದಲ ದಿನ ಯಾರೂ ಸಿಗುವುದಿಲ್ಲ.

ಉಸಿರಿನ ಕಷ್ಟ ಬೇರೆ. ಪೂರ್ತಿ ಶಕ್ತಿಯಿಂದ ಎರಡು ನಿಮಿಷ ಕುಣಿದರೆ ಕೊನೆಯ 30 ಸೆಕೆಂಡಿಗೆ ತೊಡೆ ಭಾರವಾಗಿ, ಕೂತು ಏಳುವ ಚಲನೆಗಳು ಮೇಲೆಮೇಲಕ್ಕೆ ಬರುತ್ತವೆ, ಕೂರಬೇಕಾದವರು ಅರ್ಧ ಕೂರುತ್ತಾರೆ. ವಾರಕ್ಕೆ ಎರಡು ದಿನ ಫುಲ್ ಔಟ್ (ಪೂರ್ತಿ ಶಕ್ತಿಯಿಂದ ಇಡೀ ನೃತ್ಯ) ಮಾಡಿ, ಮೂರು ನಿಮಿಷ ಬಿಟ್ಟು ಮತ್ತೊಂದು ಫುಲ್ ಔಟ್ ಮಾಡಿಸಿ. ಆದರೆ ಒಂದು ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ, ಉಳಿದದ್ದು ಮಾರ್ಕಿಂಗ್, ಶಕ್ತಿ ಹಾಕದೆ ಹೆಜ್ಜೆ ನೆನಪಿಸಿಕೊಳ್ಳುವುದು. ದಣಿದ ಮೈ ತಪ್ಪನ್ನೇ ಕಲಿಯುತ್ತದೆ.

ಗಾಯಗಳ ಬಗ್ಗೆ ಗಟ್ಟಿಯಾಗಿ ಹೇಳಬೇಕಿದೆ. ಬೆಂಗಳೂರಿನ ಎಷ್ಟೋ ತಂಡಗಳು ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ, ಸಿಮೆಂಟಿನ ಮೇಲೆ ಹಾಕಿದ ಟೈಲ್ಸ್ ಮೇಲೆ ಅಭ್ಯಾಸ ಮಾಡುತ್ತವೆ. ಆ ನೆಲ ಪೆಟ್ಟನ್ನು ಹೀರಿಕೊಳ್ಳುವುದಿಲ್ಲ, ಎಲ್ಲವೂ ಮೊಣಕಾಲಿಗೆ, ಕಣಕಾಲಿನ ಮೂಳೆಗೆ ಮರಳುತ್ತದೆ. ಜಿಗಿತಗಳನ್ನು ಮರದ ನೆಲದ ಮೇಲೋ ದಪ್ಪ ಮ್ಯಾಟ್ ಮೇಲೋ ಮಾತ್ರ ಮಾಡಿಸಿ, ನೀ ಪ್ಯಾಡ್ ಕಡ್ಡಾಯ. ಹತ್ತರಿಂದ ಹದಿನೈದರ ಮಕ್ಕಳು ಮಂಡಿಚಿಪ್ಪಿನ ಕೆಳಗೆ ನೋವು ಎಂದರೆ ಸೋಮಾರಿತನ ಅಂದುಕೊಳ್ಳಬೇಡಿ. ಬೆಳೆಯುವ ಮೂಳೆಗೆ ಸ್ನಾಯುರಜ್ಜು ಜಗ್ಗಿ ಬರುವ ನೋವು ಅದಾಗಿರಬಹುದು, ಜಿಗಿತ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. 2020ರಲ್ಲಿ ‘ಅಮೆರಿಕಾಸ್ ಗಾಟ್ ಟ್ಯಾಲೆಂಟ್: ದ ಚಾಂಪಿಯನ್ಸ್’ ಟಿವಿ ಸ್ಪರ್ಧೆ ಗೆದ್ದ ಮುಂಬೈನ ವಿ.ಅನ್‌ಬೀಟಬಲ್ ತಂಡದ ಹೆಸರಿನಲ್ಲಿರುವ ‘ವಿ’, ಅಭ್ಯಾಸದಲ್ಲಿ ಬಿದ್ದು ಮುಂದೆ ತೀರಿಕೊಂಡ ಗೆಳೆಯನ ಹೆಸರಿನ ಮೊದಲಕ್ಷರ. ಎತ್ತಿ ಎಸೆಯುವ ಸ್ಟಂಟ್‌ಗೆ ಕೆಳಗೆ ಹಿಡಿಯುವವರು, ಪಕ್ಕದಲ್ಲಿ ಕಾಯುವವರು ಯಾರೆಂದು ಹೆಸರು ಹಿಡಿದು ಗೊತ್ತುಮಾಡಿ. ಅವರಲ್ಲಿ ಒಬ್ಬರು ರಜೆ ಇದ್ದರೂ ಅಂದು ಆ ಸ್ಟಂಟ್ ಇಲ್ಲ.

ಮನಸ್ಸಿನ ಒತ್ತಡ ಹೆಚ್ಚಾಗಿ ಹುಟ್ಟುವುದು ತಿದ್ದುವ ರೀತಿಯಿಂದ. ತಪ್ಪಿದವರ ವಿಡಿಯೊ ತುಣುಕನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸ ಬಿಡಿ, ಅದು ಮನೆಯವರೆಗೂ ಹೋಗಿ ಕೂರುತ್ತದೆ. ‘ನಿನ್ನಿಂದ ಸೋಲ್ತೀವಿ’ ಅಂದರೆ ಆ ಹುಡುಗಿ ನಾಳೆಯಿಂದ ಸಣ್ಣಗೆ ಕುಣಿಯುತ್ತಾಳೆ. ತಪ್ಪು ಮುಚ್ಚಿಡಲು ಕೈ ಪೂರ್ತಿ ಚಾಚುವುದಿಲ್ಲ, ಮೊಣಕೈ ಇನ್ನೂ ಕೆಳಗಿಳಿಯುತ್ತದೆ. ‘ಐದಕ್ಕೆ ಮೊಣಕೈ ಭುಜದ ನೇರಕ್ಕೆ ತಾಮ್ಮಾ’ ಅನ್ನಿ, ಸಾಕು. ಪ್ರತಿಯೊಬ್ಬರೂ ತಮ್ಮದಲ್ಲದ ಇನ್ನೊಂದು ಜಾಗವನ್ನು ಕಲಿತಿರಲಿ. ಹಿಂದಿನ ದಿನ ಒಬ್ಬರಿಗೆ ಜ್ವರ ಬಂದರೆ ಏಳು ಜನರ ಫಾರ್ಮೇಷನ್ ಸಿದ್ಧವಿರುತ್ತದೆ, ಜ್ವರ ಬಂದವರ ಮೇಲೆ ಅಪರಾಧದ ಭಾರ ಬೀಳುವುದಿಲ್ಲ. ಉಡುಪು, ಪ್ರವೇಶ ಶುಲ್ಕ, ಪ್ರಯಾಣದ ಲೆಕ್ಕವನ್ನು ಮೊದಲ ದಿನವೇ ಪೋಷಕರ ಮುಂದೆ ಬಿಚ್ಚಿಡಿ. ಕೊನೆಗಳಿಗೆಯಲ್ಲಿ ತಂಡ ಬಿಡುವ ಮಕ್ಕಳಲ್ಲಿ ಎಷ್ಟೋ ಜನ ಹಣ ಹೊಂದಿಸಲಾಗದೆ, ಹಾಗೆಂದು ಹೇಳಲೂ ಆಗದೆ ಹೊರಗೆ ಹೋದವರು.

ಬಹುಮಾನದ ಆಸೆ ತಪ್ಪಲ್ಲ. ಸುರೇಶ್ ಮುಕುಂದ್ ನೇತೃತ್ವದ ಮುಂಬೈನ ಕಿಂಗ್ಸ್ ಯುನೈಟೆಡ್ ತಂಡ 2015ರ ಹಿಪ್ ಹಾಪ್ ವಿಶ್ವ ಸ್ಪರ್ಧೆಯಲ್ಲಿ ಕಂಚು ಗೆದ್ದು, 2019ರಲ್ಲಿ ಅಮೆರಿಕದ ‘ವರ್ಲ್ಡ್ ಆಫ್ ಡ್ಯಾನ್ಸ್’ ಟಿವಿ ಸ್ಪರ್ಧೆಯಲ್ಲಿ ಹತ್ತು ಲಕ್ಷ ಡಾಲರ್ ಪಡೆದದ್ದು ನಮ್ಮ ದೇಶದ ಮಕ್ಕಳಿಗೆ ದಾರಿ ತೋರಿಸಿತು. ಆದರೆ ಅಂಥ ಹಣ ಬೆರಳೆಣಿಕೆಯ ತಂಡಗಳಿಗೆ. ಉಳಿದವರ ಕೈಗೆ ಬರುವುದು ಕಲಿಸುವ ಕೆಲಸ, ಮದುವೆ-ಕಾಲೇಜು ಕಾರ್ಯಕ್ರಮಗಳ ಸಂಯೋಜನೆ, ಮತ್ತು ಅಂಕಪಟ್ಟಿಯಲ್ಲಿ ಬರದ ಒಂದು ಗಳಿಕೆ. ವಾಲ್ಯೂಮ್ ಇಳಿಸಿದಾಗ ಎಂಟೂ ಜನರ ಶೂಗಳ ಸದ್ದು ಒಂದೇ ಆಗಿ ಕೇಳುವ ದಿನ ಬರುತ್ತದೆ. ಆ ದಿನ ಯಾರೂ ಯಾರನ್ನೂ ನೋಡಿರುವುದಿಲ್ಲ. ಕೇಳಿಸಿಕೊಂಡಿರುತ್ತಾರೆ, ಅಷ್ಟೇ. ಮಾತು ಕಡಿಮೆ ಇರುವ ಮಕ್ಕಳ ಮುಖ ಆಗ ಅರಳುವುದನ್ನು ನೋಡಿದ ಯಾವ ತರಬೇತುದಾರರೂ ಈ ಕೆಲಸ ಬಿಡಲಾರರು.

ಸ್ಪರ್ಧೆ ಮುಗಿದ ಮೊದಲ ವಾರ ಆ ನೃತ್ಯವನ್ನು ಮುಟ್ಟಬೇಡಿ. ಗೆದ್ದಿರಲಿ, ಸೋತಿರಲಿ, ಅಭ್ಯಾಸಕ್ಕೆ ಬಂದವರನ್ನು ವೃತ್ತದಲ್ಲಿ ನಿಲ್ಲಿಸಿ ಹಾಡು ಹಾಕಿ. ಕೌಂಟ್ ಇಲ್ಲ, ಟೇಪ್ ಇಲ್ಲ, ಕ್ಯಾಮೆರಾ ಇಲ್ಲ. ಒಬ್ಬೊಬ್ಬರಾಗಿ ನಡುವೆ ಬಂದು ತಮಗೆ ಬಂದಂತೆ ಕುಣಿಯಲಿ. ಮೊದಲ ಸರದಿ ಹಿಂದಿನ ಸಾಲಿನ ಮೂಲೆಯವರದು.