ಯಂತ್ರಗಳನ್ನು ಎಣಿಸುವುದೋ, ಸದ್ದನ್ನು ಎಣಿಸುವುದೋ

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಪಶ್ಚಿಮ ದ್ವಾರದಲ್ಲಿ ಪ್ರವೇಶ ಶುಲ್ಕ ಪಡೆಯುತ್ತಿದ್ದ ರೇಂಜರುಗಳಿಗೆ 2002ರ ಆಸುಪಾಸಿನ ಚಳಿಗಾಲದಲ್ಲಿ ವಿಷಾನಿಲವನ್ನು ಸೋಸುವ ಮುಖಗವಸುಗಳನ್ನು ಕೊಡಲಾಗಿತ್ತು. ಅವರು ಕುಳಿತಿರುತ್ತಿದ್ದ ಪುಟ್ಟ ಕೋಣೆಗಳೊಳಗೆ ಹೊರಗಿನಿಂದ ಶುದ್ಧ ಗಾಳಿಯನ್ನು ತಳ್ಳುವ ವ್ಯವಸ್ಥೆಯನ್ನೂ ಮಾಡಬೇಕಾಗಿ ಬಂದಿತ್ತು. ಯಾವುದೋ ಕೈಗಾರಿಕಾ ಪ್ರದೇಶದಲ್ಲಿ ಅಲ್ಲ, 1872ರಲ್ಲಿ ಸ್ಥಾಪನೆಯಾದ, ಸುಮಾರು 9,000 ಚದರ ಕಿಲೋಮೀಟರ್ ವಿಸ್ತಾರದ, ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಹೆಸರಾದ ಹಿಮಾವೃತ ಕಾಡಿನ ಬಾಗಿಲಲ್ಲಿ ಈ ಸ್ಥಿತಿ ಒದಗಿತ್ತು. ಕಾರಣ, ಅವರ ಮುಂದೆ ಸಾಲುಗಟ್ಟಿ ನಿಂತು ಹೊಗೆಯುಗುಳುತ್ತಿದ್ದ ಸ್ನೋಮೊಬೈಲುಗಳು.

ಸ್ನೋಮೊಬೈಲ್ ಎಂದರೆ ಹಿಮದ ಮೇಲೆ ಓಡುವ ಮೋಟಾರು ವಾಹನ. ಸವಾರ ಬೈಕಿನ ಮೇಲೆ ಕೂರುವಂತೆಯೇ ಕೂರುತ್ತಾನೆ. ಆದರೆ ಚಕ್ರಗಳಿಲ್ಲ, ಮುಂದೆ ದಿಕ್ಕು ಬದಲಿಸಲು ಎರಡು ಜಾರುಪಟ್ಟಿಗಳು, ಹಿಂದೆ ಹಿಮವನ್ನು ಕಚ್ಚಿ ಮುನ್ನೂಕುವ ಅಗಲವಾದ ರಬ್ಬರ್ ಪಟ್ಟಿ. ಈ ಬಗೆಯ ವಾಹನಗಳ ಇತಿಹಾಸದಲ್ಲಿ ಮುಖ್ಯ ಹೆಸರು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಅವರದು. 1934ರ ಚಳಿಗಾಲದಲ್ಲಿ ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆ ತಲುಪಿಸಲಾಗದೆ ಎಳೆಯ ಮಗನನ್ನು ಕಳೆದುಕೊಂಡ ತಂದೆ ಅವರು. ಹಲವರು ಕೂರಬಲ್ಲ ಹಿಮಬಂಡಿಗಳನ್ನು ಮೊದಲು ತಯಾರಿಸಿ, ಆಮೇಲೆ 1959ರಲ್ಲಿ ಒಬ್ಬಿಬ್ಬರಿಗೆ ಸಾಕಾಗುವ ಹಗುರವಾದ ಸ್ಕಿ-ಡೂ ವಾಹನವನ್ನು ಮಾರುಕಟ್ಟೆಗೆ ತಂದರು. ಜೀವ ಉಳಿಸುವ ಅಗತ್ಯದ ನೆರಳಲ್ಲಿ ಬೆಳೆದ ಯಂತ್ರ ಮನರಂಜನೆಯ ಸಾಧನವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ಯೆಲ್ಲೋಸ್ಟೋನಿಗೆ ಮೊದಲ ಸ್ನೋಮೊಬೈಲುಗಳು ಬಂದದ್ದು 1963ರಲ್ಲಿ. 1970ರ ದಶಕದ ಆರಂಭದಲ್ಲಿ ಉದ್ಯಾನದ ಆಡಳಿತವೇ ಹಿಮ ತುಂಬಿದ ರಸ್ತೆಗಳನ್ನು ಯಂತ್ರಗಳಿಂದ ಒತ್ತಿ ಸಮತಟ್ಟು ಮಾಡಿಸತೊಡಗಿತು ಮತ್ತು ಓಲ್ಡ್ ಫೇಯ್ತ್‌ಫುಲ್ ಬಿಸಿನೀರಿನ ಚಿಲುಮೆಯ ಬಳಿಯ ವಸತಿಗೃಹವನ್ನು ಚಳಿಗಾಲದಲ್ಲೂ ತೆರೆಯಿತು. ಇಲ್ಲಿ ಸ್ನೋಮೊಬೈಲುಗಳು ಕಾಡಿನೊಳಗೆ ಮನಬಂದಂತೆ ನುಗ್ಗುವಂತಿಲ್ಲ, ಬೇಸಿಗೆಯಲ್ಲಿ ಕಾರುಗಳು ಓಡುವ ರಸ್ತೆಗಳಲ್ಲಷ್ಟೇ ಓಡಬೇಕು ಎಂಬುದನ್ನು ನೆನಪಿಡಬೇಕು. 1990ರ ದಶಕದಲ್ಲಿ ದಿನಕ್ಕೆ ಸರಾಸರಿ 800ರ ಸುಮಾರು ವಾಹನಗಳು ಒಳಬರುತ್ತಿದ್ದವು; ರಜಾದಿನಗಳಲ್ಲಿ ಈ ಸಂಖ್ಯೆ ಸಾವಿರವನ್ನು ಸಲೀಸಾಗಿ ದಾಟುತ್ತಿತ್ತು.

ಹೊಗೆಯ ಮೂಲ ಎರಡು ಸ್ಟ್ರೋಕಿನ ಎಂಜಿನ್ನು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿಸಿಕೊಂಡು ನೀಲಿ ಹೊಗೆ ಬಿಡುತ್ತಿದ್ದ ಹಳೆಯ ಸ್ಕೂಟರುಗಳನ್ನೂ ಆಟೋಗಳನ್ನೂ ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರಲ್ಲಿ ಉರಿದ ಅನಿಲ ಹೊರಹೋಗುವ ಹೊತ್ತಿಗೇ ಹೊಸ ಇಂಧನವೂ ಒಳನುಗ್ಗುವುದರಿಂದ, ನಾಲ್ಕನೇ ಒಂದು ಭಾಗದಷ್ಟು ಇಂಧನ ಉರಿಯದೆಯೇ ಹೊಗೆಕೊಳವೆಯಿಂದ ಹೊರಬೀಳಬಹುದು. ಚಳಿಗಾಲದ ಮುಂಜಾವಿನಲ್ಲಿ ಕಣಿವೆಗಳ ತಳದಲ್ಲಿ ತಣ್ಣನೆಯ ಗಾಳಿ ಮಡುಗಟ್ಟಿ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕುಳಿತಿರುತ್ತದೆ. ಹೊಗೆ ಮೇಲೇರಲು ದಾರಿಯೇ ಇರುವುದಿಲ್ಲ. ದ್ವಾರದಲ್ಲಿ ಇಂಗಾಲದ ಮೊನಾಕ್ಸೈಡ್ ಎಂಬ ವಿಷಾನಿಲ ಅಷ್ಟೊಂದು ಶೇಖರವಾದದ್ದು ಈ ಎರಡೂ ಕಾರಣಗಳು ಕೂಡಿದ್ದರಿಂದ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಹಿಮದ ಮಾದರಿಗಳನ್ನು ಪರೀಕ್ಷಿಸಿದಾಗ ವಾಹನಗಳು ಹೆಚ್ಚು ಓಡಾಡುವ ಕಡೆ ಅಮೋನಿಯಂ, ಸಲ್ಫೇಟ್, ಬೆಂಜೀನ್, ಟೊಲೂಯೀನ್ ಹೆಚ್ಚಾಗಿರುವುದು ಕಂಡಿತು. ರಸ್ತೆಯಿಂದ ಸ್ವಲ್ಪ ದೂರ ಸರಿದರೆ ಈ ಪ್ರಮಾಣ ಬೇಗನೆ ಇಳಿಯುತ್ತಿತ್ತು ಎಂಬುದೂ ಅದೇ ಅಧ್ಯಯನದ ಮಾತು. ಸ್ನೋಮೊಬೈಲುಗಳನ್ನು ಬಿಡಬೇಕೇ ಬೇಡವೇ ಎಂದು ವಾದಕ್ಕಿಳಿದವರು ಈ ಎರಡರಲ್ಲಿ ತಮಗೆ ಬೇಕಾದುದನ್ನಷ್ಟೇ ಎತ್ತಿ ಹೇಳುತ್ತಿದ್ದರು.

ವ್ಯಾಜ್ಯಕ್ಕೆ ಕಿಡಿ ಹೊತ್ತಿಸಿದ್ದು ಮಾತ್ರ ಹೊಗೆಯಲ್ಲ, ಬೈಸನ್. ನಮ್ಮ ಕಾಟಿಯ ದೂರದ ನೆಂಟನಾದ ಈ ದೈತ್ಯ ಪ್ರಾಣಿ 1996-97ರ ಕಠೋರ ಚಳಿಗಾಲದಲ್ಲಿ ಮೇವು ಹುಡುಕುತ್ತ ಉದ್ಯಾನದ ಗಡಿ ದಾಟಿ ಮೊಂಟಾನಾ ರಾಜ್ಯಕ್ಕೆ ಬಂದಾಗ, ದನಗಳು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲೋಸಿಸ್ ರೋಗ ಹರಡೀತೆಂಬ ಭಯದಿಂದ ಸಾವಿರಕ್ಕೂ ಹೆಚ್ಚು ಬೈಸನ್‌ಗಳನ್ನು ಕೊಲ್ಲಲಾಯಿತು. ಸ್ನೋಮೊಬೈಲುಗಳಿಗಾಗಿ ಒತ್ತಿ ಸಮ ಮಾಡಿದ ರಸ್ತೆಗಳೇ ಅವುಗಳಿಗೆ ಹೊರಹೋಗುವ ಹೆದ್ದಾರಿಗಳಾದವು ಎಂದು ವಾದಿಸಿ ಪ್ರಾಣಿದಯಾ ಸಂಘಟನೆಯೊಂದು 1997ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಆಳವಾದ ಹಿಮದಲ್ಲಿ ಹೂತು ನಡೆಯುವುದಕ್ಕಿಂತ ಗಟ್ಟಿ ದಾರಿಯಲ್ಲಿ ನಡೆಯಲು ಶಕ್ತಿ ಕಡಿಮೆ ಸಾಕು, ಆದ್ದರಿಂದ ಊಹೆ ತರ್ಕಬದ್ಧವಾಗಿಯೇ ಇತ್ತು. ಆದರೆ ಸಂಶೋಧಕರು ಹಿಮದಲ್ಲಿ ನಿಂತು ಹಿಂಡುಗಳ ಜಾಡು ಹಿಡಿದಾಗ ಬೈಸನ್‌ಗಳ ಓಡಾಟದ ಹೆಚ್ಚಿನ ಪಾಲು ರಸ್ತೆಯ ಹೊರಗೇ, ನದಿಯ ದಂಡೆಗಳಲ್ಲಿ ಮತ್ತು ತಾವೇ ತುಳಿದು ಮಾಡಿಕೊಂಡ ಕಾಲುದಾರಿಗಳಲ್ಲಿ ನಡೆಯುತ್ತಿರುವುದು ಕಂಡಿತು. ಅವುಗಳನ್ನು ಹೊರಗೆ ತಳ್ಳುತ್ತಿದ್ದುದು ಮುಖ್ಯವಾಗಿ ಹೆಚ್ಚಿದ ಸಂಖ್ಯೆ ಮತ್ತು ಹಿಮದಡಿ ಹುದುಗಿದ ಹುಲ್ಲು. ಇಡೀ ವಿವಾದವನ್ನು ಆರಂಭಿಸಿದ ವಾದವೇ ಹೀಗೆ ಸಡಿಲಗೊಂಡರೂ ವಿವಾದ ನಿಲ್ಲಲಿಲ್ಲ.

ಪ್ರಾಣಿಗಳು ಹೆದರುತ್ತವೆಯೇ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಇನ್ನೂ ಕುತೂಹಲಕರ. ಮೊಂಟಾನಾ ಸ್ಟೇಟ್ ವಿಶ್ವವಿದ್ಯಾಲಯದ ಸ್ಕಾಟ್ ಕ್ರೀಲ್ ಮತ್ತು ಸಂಗಡಿಗರು ಎಲ್ಕ್ ಜಿಂಕೆಗಳ ಹಿಕ್ಕೆಯನ್ನೂ ತೋಳಗಳ ಮಲವನ್ನೂ ಸಂಗ್ರಹಿಸಿ, ಅವುಗಳಲ್ಲಿ ಗ್ಲುಕೋಕಾರ್ಟಿಕಾಯ್ಡ್ ಎಂಬ ಒತ್ತಡದ ಹಾರ್ಮೋನನ್ನು ಅಳೆದು 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರಾಣಿಯನ್ನು ಹಿಡಿಯದೆ, ಮುಟ್ಟದೆ, ಅದರ ಆತಂಕವನ್ನು ಓದುವ ಜಾಣ ವಿಧಾನವಿದು. ಸ್ನೋಮೊಬೈಲ್ ಸಂಚಾರ ಹೆಚ್ಚಿದಂತೆ ಹಾರ್ಮೋನೂ ಹೆಚ್ಚುತ್ತಿತ್ತು. ಮಿನ್ನೆಸೋಟಾದ ವಾಯೇಜರ್ಸ್ ಉದ್ಯಾನದಲ್ಲಿ ಸಂಚಾರ ಕಡಿಮೆಯಾದ ವರ್ಷಗಳಲ್ಲಿ ತೋಳಗಳ ಒತ್ತಡವೂ ಇಳಿದಿತ್ತು. ಆದರೆ ಇದರಿಂದ ಪ್ರಾಣಿಗಳ ಒಟ್ಟು ಸಂಖ್ಯೆ ಕುಗ್ಗಿದ್ದಕ್ಕೆ ಪುರಾವೆ ಸಿಗಲಿಲ್ಲವೆಂದು ಅವರೇ ಬರೆದರು. ಯೆಲ್ಲೋಸ್ಟೋನಿನಲ್ಲಿ 1999ರಿಂದ 2004ರವರೆಗೆ ನಡೆದ ಮತ್ತೊಂದು ಅಧ್ಯಯನದಲ್ಲಿ, ಹಿಮವಾಹನಗಳು ಎದುರಾದಾಗ ಎಲ್ಕ್‌ಗಳು ಶೇ 52ರಷ್ಟು ಸಲ, ಬೈಸನ್‌ಗಳು ಶೇ 19ರಷ್ಟು ಸಲ ಪ್ರತಿಕ್ರಿಯಿಸಿದವು. ಆ ಪ್ರತಿಕ್ರಿಯೆಯೂ ಬಹುಪಾಲು ತಲೆಯೆತ್ತಿ ನೋಡುವಷ್ಟಕ್ಕೇ ಸೀಮಿತವಾಗಿತ್ತು. ಓಡಿಹೋದದ್ದು ನೂರಕ್ಕೆ ಒಂದೆರಡು ಸಲ. ವಾಹನಗಳು ಒಂದೇ ದಾರಿಯಲ್ಲಿ ನಿಗದಿತವಾಗಿ ಬಂದುಹೋಗುವುದಕ್ಕೆ ಪ್ರಾಣಿಗಳು ಒಗ್ಗಿಕೊಂಡಿರುವುದೇ ಇದಕ್ಕೆ ಕಾರಣವಿರಬಹುದು.

ಅತ್ತ ರಾಜಧಾನಿಯಲ್ಲಿ ನಡೆದದ್ದು ಹಗ್ಗಜಗ್ಗಾಟ. ಕ್ಲಿಂಟನ್ ಆಡಳಿತ 2001ರ ಜನವರಿಯಲ್ಲಿ ಸ್ನೋಮೊಬೈಲುಗಳನ್ನು ಹಂತಹಂತವಾಗಿ ನಿಷೇಧಿಸುವ ನಿಯಮ ತಂದಿತು. ಬುಷ್ ಆಡಳಿತ ಅದನ್ನು ಬದಿಗಿಟ್ಟು, ಯೆಲ್ಲೋಸ್ಟೋನಿಗೆ ದಿನಕ್ಕೆ 950 ವಾಹನಗಳನ್ನು ಬಿಡಲು ಹೊರಟಿತು. 2003ರ ಡಿಸೆಂಬರ್ 16ರಂದು, ಅಂದರೆ ಚಳಿಗಾಲದ ಪ್ರವೇಶ ಆರಂಭವಾಗುವ ಮುನ್ನಾದಿನ, ವಾಷಿಂಗ್ಟನ್ನಿನ ನ್ಯಾಯಾಧೀಶ ಎಮೆಟ್ ಸಲಿವನ್ ಹೊಸ ನಿಯಮವನ್ನು ರದ್ದುಪಡಿಸಿ ಹಳೆಯ ನಿಷೇಧವನ್ನೇ ಮರಳಿಸಿದರು. ಎರಡು ತಿಂಗಳೊಳಗೆ ವಯೋಮಿಂಗ್‌ನ ನ್ಯಾಯಾಧೀಶ ಕ್ಲಾರೆನ್ಸ್ ಬ್ರಿಮರ್ ಹಳೆಯ ನಿಷೇಧಕ್ಕೇ ತಡೆ ನೀಡಿದರು. ಆಮೇಲೆ ದಿನದ ಮಿತಿ 720 ಎಂದಾಯಿತು, 540 ಎಂದಾಯಿತು, ಮತ್ತೆ 720, ಕೊನೆಗೆ 318. ಸ್ನೋಮೊಬೈಲ್ ವ್ಯಾಪಾರವನ್ನೇ ನಂಬಿಕೊಂಡಿದ್ದ ವೆಸ್ಟ್ ಯೆಲ್ಲೋಸ್ಟೋನ್ ಊರಿನವರಿಗೆ ಪ್ರತಿ ಅಂಕಿಯೂ ಒಂದೊಂದು ಚಳಿಗಾಲದ ಸಂಪಾದನೆಯಾಗಿತ್ತು ಎಂಬುದನ್ನು ಹಗುರವಾಗಿ ನೋಡುವಂತಿಲ್ಲ. ಉದ್ಯಾನಗಳನ್ನು ಜನರ ಆನಂದಕ್ಕೆ ತೆರೆದಿಡಬೇಕು, ಮುಂದಿನ ತಲೆಮಾರುಗಳಿಗೆ ಕೆಡದಂತೆ ಉಳಿಸಲೂ ಬೇಕು ಎಂದು 1916ರ ಕಾನೂನು ಒಂದೇ ಉಸಿರಿನಲ್ಲಿ ಹೇಳುವುದರಿಂದ ಎರಡೂ ಪಕ್ಷಗಳ ಕೈಯಲ್ಲಿದ್ದುದು ಒಂದೇ ವಾಕ್ಯ.

ಈ ನಡುವೆ ಎಂಜಿನ್ ಬದಲಾಯಿತು. 2004ರಿಂದ ನಾಲ್ಕು ಸ್ಟ್ರೋಕಿನ, ಹಳೆಯದಕ್ಕಿಂತ ಹೈಡ್ರೋಕಾರ್ಬನ್ನುಗಳನ್ನು ಶೇ 90ರಷ್ಟು ಕಡಿಮೆ ಬಿಡುವ ವಾಹನಗಳಿಗೆ ಮಾತ್ರ ಪ್ರವೇಶ ಎಂದಾದಾಗ ದ್ವಾರದ ಗಾಳಿ ತಿಳಿಯಾಯಿತು. ಡೆನ್ವರ್ ವಿಶ್ವವಿದ್ಯಾಲಯದ ತಂಡ ಓಡುವ ವಾಹನಗಳ ಹೊಗೆಯನ್ನೇ ಅಳೆದಾಗ, ಪರಿಸರಸ್ನೇಹಿ ಪರ್ಯಾಯವೆಂದು ಮುಂದಿಟ್ಟಿದ್ದ ಸಾಮೂಹಿಕ ಹಿಮಬಂಡಿಗಳಲ್ಲಿ ಕೆಲವು ಹಳೆಯವು ಹೊಸ ಸ್ನೋಮೊಬೈಲುಗಳಿಗಿಂತಲೂ ಕೊಳಕೆಂದು ತಿಳಿಯಿತು. ಹೊಗೆಯ ಸಮಸ್ಯೆಗೆ ಎಂಜಿನಿಯರುಗಳಿಂದ ಪರಿಹಾರ ದೊರೆಯಿತು. ಸದ್ದಿನ ಸಮಸ್ಯೆಗೆ ಪೂರ್ತಿಯಾಗಿ ದೊರೆಯಲಿಲ್ಲ.

ಹೊಸ ಹಿಮ ಸದ್ದನ್ನು ಹೀರಿಕೊಳ್ಳುತ್ತದೆ. ಗಾಳಿ ಬೀಸದ ದಿನ ಯೆಲ್ಲೋಸ್ಟೋನಿನ ನಿಶ್ಶಬ್ದ ಮಾನವ ಕಿವಿಯ ಮಿತಿಯನ್ನೇ ಮುಟ್ಟುವಂಥದ್ದು. ಅಂಥಲ್ಲಿ ಎಂಜಿನ್ನಿನ ಸಣ್ಣ ಗುಂಯ್ಗುಟ್ಟುವಿಕೆಯೂ ಬಹುದೂರಕ್ಕೆ ಕೇಳಿಸುತ್ತದೆ, ಮೇಲಿನ ಬೆಚ್ಚಗಿನ ಗಾಳಿಯ ಪದರ ಅದನ್ನು ಮತ್ತೆ ನೆಲದತ್ತ ಬಾಗಿಸುತ್ತದೆ. ಮೈಕುಗಳನ್ನು ಇರಿಸಿ ಅಳೆಯುತ್ತಿದ್ದವರು ಡೆಸಿಬೆಲ್ ಜೊತೆಗೆ ಇನ್ನೊಂದನ್ನೂ ದಾಖಲಿಸಿದರು: ಹಗಲಿನ ಎಷ್ಟು ಹೊತ್ತು ಯಂತ್ರದ ಸದ್ದು ಕೇಳಿಸುತ್ತದೆ ಎಂಬುದನ್ನು. ಓಲ್ಡ್ ಫೇಯ್ತ್‌ಫುಲ್ ಬಳಿ ಅದು ಅರ್ಧಕ್ಕಿಂತಲೂ ಹೆಚ್ಚಿತ್ತು. ಡೆಸಿಬೆಲ್ ಲೆಕ್ಕದಲ್ಲಿ ಒಂದೇ ಬಗೆಯ ಎರಡು ಯಂತ್ರಗಳು ಕೂಡಿದರೆ ಮಟ್ಟ ಏರುವುದು 3ರಷ್ಟು, ಹತ್ತು ಕೂಡಿದರೆ 10ರಷ್ಟು. ಹತ್ತು ಯಂತ್ರಗಳು ಬಿಡಿಬಿಡಿಯಾಗಿ ಬಂದರೆ ಹತ್ತು ಸಲ ನಿಶ್ಶಬ್ದ ಮುರಿಯುತ್ತದೆ. ಒಟ್ಟಾಗಿ ಬಂದರೆ ಹೆಚ್ಚು ಜೋರಾಗಿ, ಹೆಚ್ಚು ದೂರಕ್ಕೆ, ಆದರೆ ಒಂದೇ ಸಲ.

ನನ್ನ ದೃಷ್ಟಿಯಲ್ಲಿ ಹತ್ತಾರು ವರ್ಷಗಳ ಈ ಜಗಳದಿಂದ ಹುಟ್ಟಿದ ನಿಜವಾದ ಹೊಸ ವಿಚಾರ ಇದೊಂದೇ. 2013ರ ನಿಯಮ ಯಂತ್ರಗಳನ್ನು ಎಣಿಸುವುದನ್ನೇ ಬಿಟ್ಟು, ಸಂಚಾರದ ಪ್ರಸಂಗಗಳನ್ನು ಎಣಿಸತೊಡಗಿತು. ಒಂದು ಹಿಮಬಂಡಿ ಒಂದು ಪ್ರಸಂಗ, ಮಾರ್ಗದರ್ಶಕನೊಡನೆ ಸಾಗುವ ಹತ್ತರವರೆಗಿನ ಸ್ನೋಮೊಬೈಲುಗಳ ಗುಂಪೂ ಒಂದು ಪ್ರಸಂಗ. ಗುಂಪಿನ ಗಾತ್ರ ಋತುವಿನ ಸರಾಸರಿಯಲ್ಲಿ 7 ಮೀರಬಾರದು. ದಿನಕ್ಕೆ ಒಟ್ಟು ಪ್ರಸಂಗಗಳು 110, ಅವುಗಳಲ್ಲಿ ಅರ್ಧಕ್ಕಿಂತ ಕಡಿಮೆ ಸ್ನೋಮೊಬೈಲುಗಳಿಗೆ. ಸದ್ದಿನ ಮಿತಿಯನ್ನೂ 73 ಡೆಸಿಬೆಲ್‌ನಿಂದ 67ಕ್ಕೆ ಇಳಿಸಲಾಯಿತು. ಪ್ರತಿ ದ್ವಾರದಿಂದ ದಿನಕ್ಕೊಂದು ಗುಂಪು, ಐದು ವಾಹನಗಳವರೆಗೆ, ವೃತ್ತಿಪರ ಮಾರ್ಗದರ್ಶಕನಿಲ್ಲದೆಯೂ ಹೋಗಬಹುದು. ಆ ಅವಕಾಶ ಲಾಟರಿಯಲ್ಲಿ ಸಿಗಬೇಕು.

ಮಾರ್ಚ್ ಮಧ್ಯದಲ್ಲಿ ಈ ಲೆಕ್ಕ ನಿಲ್ಲುತ್ತದೆ. ರಸ್ತೆಗಳ ಹಿಮ ತೆಗೆದ ಮೇಲೆ ಅದೇ ದಾರಿಗಳಲ್ಲಿ ಕಾರುಗಳು ಬರತೊಡಗುತ್ತವೆ. 2021ರಲ್ಲಿ ಉದ್ಯಾನ ದಾಖಲಿಸಿದ ಭೇಟಿಗಳ ಸಂಖ್ಯೆ 48 ಲಕ್ಷ ದಾಟಿತ್ತು. ಆ ಕಾರುಗಳಿಗೆ ದಿನದ ಮಿತಿಯಿಲ್ಲ, ಗುಂಪಿನ ಗಾತ್ರದ ಮಿತಿಯಿಲ್ಲ, ಮಾರ್ಗದರ್ಶಕನೂ ಬೇಕಿಲ್ಲ.