ಎಸಿಇ2 ವಯಲ್: ಹೆಸರು ಒಂದೇ, ಸರಕು ಬೇರೆ

ಕೊರೊನಾ ವೈರಾಣು ನಮ್ಮ ಜೀವಕೋಶಕ್ಕೆ ನುಗ್ಗುವ ಮೊದಲು ಹಿಡಿದುಕೊಳ್ಳುವುದು ಕೋಶದ ಹೊರಮೈಯಲ್ಲಿರುವ ಎಸಿಇ2 ಎಂಬ ಗ್ರಾಹಿ ಪ್ರೋಟೀನನ್ನು. 2003ರಲ್ಲೇ ಇದು ಸಾರ್ಸ್ ವೈರಾಣುವಿನ ಗ್ರಾಹಿ ಎಂದು ತಿಳಿದಿತ್ತು. 2020ರಿಂದೀಚೆಗೆ, ಪ್ರಯೋಗಗಳಿಗಾಗಿ ತಯಾರಿಸಿ ಒಣಗಿಸಿ ವಯಲ್ ಎಂಬ ಪುಟ್ಟ ಸೀಸೆಯಲ್ಲಿ ಮಾರುವ ಇದರ ಪುಡಿಗೆ ಬೇಡಿಕೆ ಬಹಳ ಹೆಚ್ಚಿತು. ಕೊಳ್ಳುವವರು ಮೊದಲು ನೋಡಬೇಕಾದದ್ದು ಬೆಲೆಯನ್ನಲ್ಲ. ಯಾವ ತುಂಡು, ಯಾವ ಟ್ಯಾಗ್ (ಪ್ರೋಟೀನನ್ನು ಹಿಡಿದು ಬೇರ್ಪಡಿಸಲು ಜೋಡಿಸುವ ಗುರುತು), ಯಾವ ಕೋಶದಲ್ಲಿ ತಯಾರಾದದ್ದು ಎಂಬುದನ್ನು.

ಪೂರ್ಣ ಎಸಿಇ2ರಲ್ಲಿ 805 ಅಮೈನೋ ಆಮ್ಲಗಳಿವೆ. ಮೊದಲ 17 ಸಿಗ್ನಲ್ ಪೆಪ್ಟೈಡ್, ಅಂದರೆ ಪ್ರೋಟೀನನ್ನು ಹೊರದಾರಿಗೆ ಹಚ್ಚುವ ವಿಳಾಸಚೀಟಿ. ಅದನ್ನು ಕೋಶವೇ ಕತ್ತರಿಸುತ್ತದೆ. 740ರ ಆಚೆಗಿನದು ಪೊರೆಯಲ್ಲಿ ಹೂತುಕೊಳ್ಳುವ ಭಾಗ ಮತ್ತು ಬಾಲ. ಅದನ್ನೂ ಸೇರಿಸಿದರೆ ಪ್ರೋಟೀನು ನೀರಿನಲ್ಲಿ ಗಂಟು ಕಟ್ಟುತ್ತದೆ. ಹಾಗಾಗಿ 18ರಿಂದ 740ರವರೆಗಿನ ಹೊರಭಾಗಕ್ಕೆ ತುದಿಯಲ್ಲಿ ಹಿಸ್ಟಿಡಿನ್ ಟ್ಯಾಗ್ ಜೋಡಿಸಿ, ಎಚ್‌ಇಕೆ293 ಎಂಬ ಮಾನವ ಕೋಶಗಳಿಂದ ದ್ರವಕ್ಕೆ ಸ್ರವಿಸುವಂತೆ ಮಾಡುತ್ತಾರೆ. ಆ ದ್ರವವನ್ನು ಈ ಟ್ಯಾಗನ್ನು ಹಿಡಿದುಕೊಳ್ಳುವ ನಿಕಲ್ ಕಾಲಂ ಮೇಲೆ ಹರಿಸಿ, ಆ ಹಿಡಿತ ಬಿಡಿಸುವ 20 ಮಿಲಿಮೋಲಾರ್ ಇಮಿಡಜೋಲ್‌ನಿಂದ ತೊಳೆದು, 250ರಲ್ಲಿ ಇಳಿಸಿಕೊಳ್ಳುವುದು ರೂಢಿ. ಬಫರ್‌ನಲ್ಲಿ ಲೋಹಗಳನ್ನು ಸೆಳೆದುಕೊಳ್ಳುವ ಇಡಿಟಿಎ ಇದ್ದರೆ ಕಾಲಂನ ನಿಕಲ್ಲೂ ಹೋಗುತ್ತದೆ, ಕಿಣ್ವವಾಗಿ ಕೆಲಸ ಮಾಡಲು ಎಸಿಇ2ಗೆ ಬೇಕಾದ ಸತುವೂ ಹೋಗುತ್ತದೆ.

ಲೆಕ್ಕದ ಪ್ರಕಾರ ಈ ತುಂಡಿನ ತೂಕ 85 ಕಿಲೋಡಾಲ್ಟನ್ ಆಸುಪಾಸು. ಪ್ರೋಟೀನುಗಳನ್ನು ತೂಕದಂತೆ ಬೇರ್ಪಡಿಸುವ ಜೆಲ್‌ನಲ್ಲಿ ಪಟ್ಟಿ 110–120ರ ಬಳಿ, ಸ್ವಲ್ಪ ಹರಡಿಕೊಂಡು ಕಾಣುತ್ತದೆ. ಗಾಬರಿ ಬೇಡ, ಅದು ಅಂಟಿಕೊಂಡ ಸಕ್ಕರೆ ಸರಪಳಿಗಳ ಪ್ರಭಾವ. ಪಿಎನ್‌ಗೇಸ್ ಎಫ್ ಎಂಬ, ಸಕ್ಕರೆ ಕತ್ತರಿಸುವ ಕಿಣ್ವ ಹಾಕಿದರೆ ಪಟ್ಟಿ ಕೆಳಗಿಳಿಯುತ್ತದೆ. ಈ ಸಕ್ಕರೆಗಳನ್ನು ಇ. ಕೋಲೈ ಬ್ಯಾಕ್ಟೀರಿಯಾ ಜೋಡಿಸುವುದಿಲ್ಲ, ಅದಕ್ಕೇ ಯಾವ ಕೋಶ ಎಂದು ನೋಡಬೇಕು.

ಎಸಿಇ2 ಮತ್ತು ಅದನ್ನು ಹಿಡಿಯುವ ವೈರಾಣುವಿನ ಸ್ಪೈಕ್ ಪ್ರೋಟೀನಿನ ನಡುವಿನ ಬಂಧದ ಬಲ ಅಳೆಯುವವರು ಎಡವುವುದು ಇನ್ನೊಂದು ಕಡೆ. 18–615ರ ತುಂಡು ಒಂಟಿಯಾಗಿರುತ್ತದೆ. ಎಫ್‌ಸಿ (ಆಂಟಿಬಾಡಿಯ ಬಾಲದ ಭಾಗ) ಜೋಡಿಸಿದ್ದು ಎರಡು ಸೇರಿ ಜೋಡಿಯಾಗಿರುತ್ತದೆ. ಸ್ಪೈಕ್ ತುಂಡುಗಳು ದಟ್ಟವಾಗಿರುವ ಫಲಕದ ಮೇಲೆ ಎಫ್‌ಸಿ ರೂಪ ಎರಡು ಕೈಯಲ್ಲೂ ಹಿಡಿದಂತೆ ಕೂತುಬಿಡುತ್ತದೆ. ಸಿಕ್ಕುವ ಅಂಕಿ ನಿಜಕ್ಕಿಂತ ಚೆಂದ. ಅದನ್ನು ಒಂಟಿ ರೂಪದ ಅಂಕಿಯೊಂದಿಗೆ ಹೋಲಿಸುವುದು ತಪ್ಪು.

ಇನ್ನು ವಯಲ್. 100 ಮೈಕ್ರೋಗ್ರಾಂ ಒಣಪ್ರೋಟೀನು ಬರಿಗಣ್ಣಿಗೆ ಕಾಣದೆಯೂ ಇರಬಹುದು, ಮುಚ್ಚಳಕ್ಕೂ ಅಂಟಿರಬಹುದು. ತೆರೆಯುವ ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ಅರ್ಧ ನಿಮಿಷ ತಿರುಗಿಸಿ. ತಯಾರಕರ ಹಾಳೆ ಬೇರೇನೂ ಹೇಳದಿದ್ದರೆ 200 ಮೈಕ್ರೋಲೀಟರ್ ಪಿಬಿಎಸ್ (ಫಾಸ್ಫೇಟ್ ಉಪ್ಪಿನ ಬಫರ್) ಹಾಕಿ, ಅಂದರೆ ಮಿಲಿಲೀಟರಿಗೆ 0.5 ಮಿಲಿಗ್ರಾಂ. ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಅಲುಗಾಡಿಸುವುದು ಬೇಡ, ನೊರೆಯಲ್ಲಿ ಪ್ರೋಟೀನು ಕೆಡುತ್ತದೆ. ಇಪ್ಪತ್ತು ನಿಮಿಷ ಹಾಗೇ ಬಿಟ್ಟು ಮೆಲ್ಲಗೆ ಹೊರಳಿಸಿ. ನಂತರ 10–20 ಮೈಕ್ರೋಲೀಟರ್‌ನಂತೆ ಹಂಚಿ ಮೈನಸ್ 80ರಲ್ಲಿಡಿ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಗಂಟುಗಳಾಗುತ್ತವೆ. ತೀರಾ ತೆಳುವಾದರೆ ಪ್ರೋಟೀನು ಕೊಳವೆಯ ಗೋಡೆಗೇ ಅಂಟುತ್ತದೆ, 0.1 ಶೇಕಡಾ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನು) ಸೇರಿಸಿದರೆ ತಡೆಯಬಹುದು. ಆದರೆ ಪತ್ತೆಗೆ ನೆರವಾಗುವ ಬಯೋಟಿನ್ ಎಂಬ ಪುಟ್ಟ ಅಣುವನ್ನು ಜೋಡಿಸುವ ಉದ್ದೇಶವಿದ್ದರೆ ಬಿಎಸ್‌ಎಯೂ ಬೇಡ, ಟ್ರಿಸ್ ಬಫರೂ ಬೇಡ: ಬಯೋಟಿನ್ ಅವಕ್ಕೇ ಅಂಟಿ ಖರ್ಚಾಗುತ್ತದೆ.

ಎಲೈಸಾ ಎಂಬ, ಬಂಧವನ್ನು ಬಣ್ಣದಿಂದ ತೋರಿಸುವ ಪರೀಕ್ಷೆಗೆ ಮಿಲಿಲೀಟರಿಗೆ 2 ಮೈಕ್ರೋಗ್ರಾಂ ಎಸಿಇ2 ದ್ರಾವಣವನ್ನು ಫಲಕದ ಪ್ರತಿಯೊಂದು ಗುಳಿಯಲ್ಲೂ 100 ಮೈಕ್ರೋಲೀಟರ್ ಹಾಕಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುವುದು ಒಳ್ಳೆಯ ಆರಂಭ. ಮೇಲೆ ಹಾಕುವ ಸ್ಪೈಕ್ ತುಂಡಿಗೂ ಹಿಸ್ಟಿಡಿನ್ ಟ್ಯಾಗ್ ಇದ್ದು, ಪತ್ತೆಗೆ ಆ ಟ್ಯಾಗಿನ ಆಂಟಿಬಾಡಿಯನ್ನೇ ಬಳಸಿದರೆ, ಅದು ಎಸಿಇ2ರ ಟ್ಯಾಗಿಗೂ ಅಂಟಿ ಎಲ್ಲ ಗುಳಿಗಳೂ ಹಳದಿಯಾಗುತ್ತವೆ, ಸ್ಪೈಕ್ ಹಾಕದ ಗುಳಿಯೂ ಸೇರಿ. ಅದಕ್ಕೇ ಸ್ಪೈಕ್ ಇಲ್ಲದ ಗುಳಿಯೊಂದು ಇರಲೇಬೇಕು. ಜೊತೆಗೆ ಇಲಿಯ ಎಸಿಇ2 ಹಚ್ಚಿದ ಸಾಲೊಂದಿದ್ದರೆ ಇನ್ನೂ ಒಳ್ಳೆಯದು: 2020ರ ಮೂಲ ವೈರಾಣುವಿನ ಸ್ಪೈಕ್ ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಒಮಿಕ್ರಾನ್ ಸ್ಪೈಕ್ ಬಳಸುವವರಿಗೆ ಮಾತ್ರ ಈ ಸಾಲು ಉಪಯೋಗಕ್ಕೆ ಬಾರದು. ಆ ಸ್ಪೈಕ್ ಇಲಿಯ ಎಸಿಇ2ಗೂ ಅಂಟುತ್ತದೆ.