ಜರಿಗಿಡದ ಹೆಸರಿನ ಪರಿಮಳ

ಪರ್ಫ್ಯೂಮ್ ಬಾಟಲಿಯ ಮೇಲೆ ಹೂವಿನ ಹೆಸರಿದ್ದರೆ ಒಳಗೆ ಆ ಹೂವಿನ ಸಾರವೇ ಇದೆ ಅಂತ ಎಷ್ಟೋ ಜನ ನಂಬಿದ್ದಾರೆ. ಹಾಗಿಲ್ಲ ಅಂತ ಗೊತ್ತಾದರೆ ‘ಓ, ಬರೀ ಕೆಮಿಕಲ್ಲಾ’ ಅಂತ ಮುಖ ಸಿಂಡರಿಸುತ್ತಾರೆ. ಈ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ಗುಲಾಬಿಯ ಘಮವೂ ಕೆಮಿಕಲ್ಲೇ ಅಲ್ವಾ? ಜೆರಾನಿಯಾಲ್ ಎಂಬ ಅಣುವನ್ನು ಗಿಡ ಕಟ್ಟಿದರೂ ಅದೇ, ಪ್ರಯೋಗಾಲಯ ಕಟ್ಟಿದರೂ ಅದೇ. ಅದು ಎಲ್ಲಿ ಹುಟ್ಟಿತು ಅಂತ ಮೂಗಿಗೆ ತಿಳಿಯುವ ದಾರಿಯಿಲ್ಲ.

1882ರಲ್ಲಿ ಹೂಬಿಗಾಂ ಎಂಬ ಫ್ರೆಂಚ್ ಕಂಪನಿಗೆ ಪಾಲ್ ಪಾರ್ಕೆ ಒಂದು ಪರ್ಫ್ಯೂಮ್ ಮಾಡಿಕೊಟ್ಟರು. ಹೆಸರು ಫೂಜೇರ್ ರೊಯಾಲ್, ಅಂದರೆ ರಾಜ ಜರಿಗಿಡ. ಆದರೆ ಜರಿಗಿಡಕ್ಕೆ ಹೇಳಿಕೊಳ್ಳುವಂಥ ಪರಿಮಳವೇ ಇಲ್ಲ! ಆ ಪರ್ಫ್ಯೂಮಿನಲ್ಲಿದ್ದದ್ದು ಕೂಮರಿನ್. ಟೊಂಕಾ ಬೀಜದಲ್ಲೂ ಒಣಹುಲ್ಲಿನಲ್ಲೂ ಸಿಗುವ ಈ ಅಣುವನ್ನು 1868ರಲ್ಲೇ ವಿಲಿಯಂ ಪರ್ಕಿನ್ ಪ್ರಯೋಗಾಲಯದಲ್ಲಿ ತಯಾರಿಸಿದ್ದರು. ಇಲ್ಲದ ವಾಸನೆಯನ್ನು ಊಹಿಸಿ ಕಟ್ಟಿದ ಆ ಪರ್ಫ್ಯೂಮಿನಿಂದ ಫೂಜೇರ್ ಎಂಬ ಒಂದು ಕುಲವೇ ಹುಟ್ಟಿತು. ಇವತ್ತಿಗೂ ಗಂಡಸರ ಸುಗಂಧಗಳಲ್ಲಿ ಅದರದ್ದು ದೊಡ್ಡ ಪಾಲು.

ಘಮ ಇದ್ದೂ ಬಿಟ್ಟುಕೊಡದ ಹೂಗಳೂ ಇವೆ. ಲಿಲಿ ಆಫ್ ದ ವ್ಯಾಲಿ ಅಂಥದ್ದು. ಬಟ್ಟಿ ಇಳಿಸಿದರೂ ಅದರ ನಿಜವಾದ ಘಮ ಕೈಗೆ ಬರುವುದಿಲ್ಲ. 1956ರಲ್ಲಿ ಪರ್ಫ್ಯೂಮ್ ತಯಾರಕ ಎಡ್ಮಂಡ್ ರೂಡ್ನಿಟ್ಸ್ಕಾ ಈ ಹೂವಿನ ಘಮವನ್ನು ಡಿಯೋರಿಸಿಮೊ ಎಂಬ ಪರ್ಫ್ಯೂಮಿನಲ್ಲಿ ಬೇರೆ ಬೇರೆ ಅಣುಗಳಿಂದ ಜೋಡಿಸಿದರು. ಹೂವನ್ನು ಹಿಂಡಿ ಅಲ್ಲ, ಚೆನ್ನಾಗಿ ಮೂಸಿ.

ಹೂವಿಗಿಂತ ಅದರ ಸುತ್ತಲಿನ ಗಾಳಿಯನ್ನು ಹಿಡಿಯುವುದು ಇನ್ನೂ ಜಾಣ ದಾರಿ. ಇದಕ್ಕೆ ಹೆಡ್‌ಸ್ಪೇಸ್ ಅಂತಾರೆ. ನನಗಂತೂ ಇದು ಸಸ್ಯಲೋಕದ ಅತ್ಯಂತ ಸಭ್ಯ ಕಳ್ಳತನ ಅನಿಸುತ್ತದೆ. ಗಿಡದಲ್ಲೇ ಇರುವ ಹೂವಿನ ಮೇಲೆ ಗಾಜಿನ ಗೋಳ ಕವಿಚುತ್ತಾರೆ. ಒಳಗಿನ ಗಾಳಿಯನ್ನು ಸಣ್ಣ ಪಂಪು ನಿಧಾನವಾಗಿ ಎಳೆಯುತ್ತದೆ. ದಾರಿಯಲ್ಲಿರುವ ಪುಟ್ಟ ನಳಿಕೆಯಲ್ಲಿ ವಾಸನೆಯ ಅಣುಗಳು ಅಂಟಿಕೊಳ್ಳುತ್ತವೆ. ಆಮೇಲೆ ಯಂತ್ರ ಅವನ್ನು ಬೇರ್ಪಡಿಸಿ ಒಂದೊಂದನ್ನೂ ಗುರುತಿಸುತ್ತದೆ. ಹೂ ಕೀಳಬೇಕಿಲ್ಲ, ಬೇಯಿಸಬೇಕಿಲ್ಲ. ಕಿತ್ತ ಹೂವಿನ ಘಮ ಕ್ರಮೇಣ ಬದಲಾಗುತ್ತದಲ್ಲ, ಆ ಸಮಸ್ಯೆಯೂ ಇಲ್ಲ. ಒಂದೇ ಹೂ ಹಗಲು ಬೇರೆ, ರಾತ್ರಿ ಬೇರೆ ವಾಸನೆ ಬೀರುವುದನ್ನೂ ಹಿಡಿಯಬಹುದು. ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ರೋಮನ್ ಕೈಸರ್ 1970ರ ದಶಕದಿಂದ ಹೀಗೆ ಗಿಡಗಳ ಬೆನ್ನು ಹತ್ತಿದರು. ಮಳೆಕಾಡಿನ ಮರಗಳ ನೆತ್ತಿಯವರೆಗೂ ಹೋದರು.

ಚಿಕ್ಕ ಪ್ರಮಾಣದಲ್ಲಿ ತಯಾರಾಗುವ ನಿಶ್ ಪರ್ಫ್ಯೂಮುಗಳು ಹಳೆಯ ಪುಸ್ತಕ, ಒದ್ದೆ ಮಣ್ಣು ಅಂತೆಲ್ಲ ಹೆಸರಿಟ್ಟುಕೊಂಡು ನೆನಪನ್ನೇ ಮಾರುತ್ತವೆ. ಅದು ಸುಮ್ನೆ ಜಾಹೀರಾತಲ್ಲ. ನಮ್ಮ ಮೂಗಿನಲ್ಲಿ ವಾಸನೆಯ ಅಣುಗಳನ್ನು ಹಿಡಿದು ಗುರುತಿಸುವ ಸುಮಾರು 400 ಬಗೆಯ ಗ್ರಾಹಕಗಳಿವೆ. ಹಾರ್ಮೋನಿಯಂನ ಹಲವು ಮನೆಗಳನ್ನು ಒಟ್ಟಿಗೆ ಒತ್ತಿದ ಹಾಗೆ, ಒಂದೊಂದು ವಾಸನೆಯೂ ಅವುಗಳಲ್ಲಿ ಒಂದು ಗುಂಪನ್ನು ಎಬ್ಬಿಸುತ್ತದೆ. ಈ ಗ್ರಾಹಕಗಳ ಜೀನುಗಳನ್ನು 1991ರಲ್ಲಿ ತೋರಿಸಿಕೊಟ್ಟ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ನೋಟ, ಶಬ್ದದ ಸುದ್ದಿ ಮೊದಲು ಮೆದುಳಿನ ಥಲಾಮಸ್ ಎಂಬ ಭಾಗಕ್ಕೆ ಹೋಗಿ ಮುಂದೆ ಹಂಚಿಕೆಯಾಗುತ್ತದೆ. ವಾಸನೆ ಹಾಗಲ್ಲ, ಭಾವನೆ ಮತ್ತು ನೆನಪಿನ ಭಾಗಗಳಿಗೆ ಅದಕ್ಕೆ ಹತ್ತಿರದ ದಾರಿ ಇದೆ. ಹಾಗಂತ ವಾಸನೆಯಿಂದ ಎದ್ದ ನೆನಪು ಜಾಸ್ತಿ ನಿಜ ಅಂತ ತಿಳಿಯಬೇಡಿ. ಅದರಲ್ಲಿ ಭಾವನೆ ಜಾಸ್ತಿ, ಅಷ್ಟೇ.

ಮೂಗುಗಳೂ ಒಂದೇ ಥರ ಇರುವುದಿಲ್ಲ. ವಯೊಲೆಟ್ ಹೂವಿನ ಘಮಕ್ಕೆ ಪರ್ಫ್ಯೂಮಿನವರು ಅಯೋನೋನ್ ಎಂಬ ಅಣುಗಳನ್ನು ಬಳಸುತ್ತಾರೆ. ಇವುಗಳಲ್ಲಿ ಬೀಟಾ ಅಯೋನೋನ್ ಕೆಲವರಿಗೆ ತಟ್ಟನೆ ಹೂವಿನಂತೆ ಘಮಿಸುತ್ತದೆ. ಇನ್ನು ಕೆಲವರಿಗೆ ಹೂವೇ ಸಿಗುವುದಿಲ್ಲ, ಹುಳಿ ಅಥವಾ ಘಾಟು ವಾಸನೆ ಬರುತ್ತದೆ. ಈ ವ್ಯತ್ಯಾಸದ ಬಹುಪಾಲು ಒಆರ್5ಎ1 ಎಂಬ ಒಂದೇ ಜೀನಿನಿಂದ ಬರುತ್ತದೆ. ಹಾಗಾಗಿ ಗೆಳೆಯರು ಹೊಗಳಿದ ವಯೊಲೆಟ್ ಪರ್ಫ್ಯೂಮ್ ನಿಮಗೆ ಹಿಡಿಸದಿದ್ದರೆ ಅಭಿರುಚಿಯ ಜಗಳಕ್ಕೆ ಇಳಿಯಬೇಡಿ. ಕೊಳ್ಳುವ ಮೊದಲು ನಿಮ್ಮ ಮೂಗಿನಿಂದಲೇ ಮೂಸಿ ನೋಡಿ.